ಎದ್ದು ನಿಂತು ಹೇಳಿ

ಮಕ್ಕಳ ವಾರ್ಡಿನ ಹಿರಿಯ ನರ್ಸಮ್ಮನದು ಒಂದು ಕಾನೂನಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಗೋಡೆಯ ಮೇಲೂ ಅಂಟಿಸಿರಲಿಲ್ಲ. ಆದರೆ ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ ಮಾತಿಗಿಂತ ಅದಕ್ಕೇ ಬೆಲೆ ಜಾಸ್ತಿ. ಡ್ಯೂಟಿ ರೂಮಿನಲ್ಲಿ ಒಂದು ಗಳಿಗೆ ಒರಗಿದ ರೆಸಿಡೆಂಟ್ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಏನೇ ಹೇಳಲಿ, ಆಕೆ ಅನ್ನುತ್ತಿದ್ದುದು ಒಂದೇ ಮಾತು: "ಡಾಕ್ಟ್ರೇ, ಎದ್ದು ನಿಂತು ಹೇಳಿ."

ಕಾರಣವಿತ್ತು. ಒಂದು ಕಡೆ ಕಲಿಯುತ್ತ ಇನ್ನೊಂದು ಕಡೆ ದಿನಕ್ಕೆ ಹದಿನಾಲ್ಕು ಗಂಟೆ, ಕೆಲವೊಮ್ಮೆ ಒಂದೇ ಸಮನೆ ಇಪ್ಪತ್ತಾರು ಗಂಟೆ ದುಡಿಯುವ ಈ ಎಳೆ ಡಾಕ್ಟರುಗಳಿಗೆ ಒಂದು ವಿಚಿತ್ರ ವಿದ್ಯೆ ಒಲಿದಿರುತ್ತದೆ. ಅವರು ನಿದ್ದೆಯಲ್ಲೇ ಉತ್ತರ ಕೊಡಬಲ್ಲರು. ಬಡಬಡಿಕೆಯಲ್ಲ, ಸ್ಪಷ್ಟವಾಗಿ, ಗಂಭೀರವಾಗಿ, ಕೇಳಿದವರಿಗೆ ನಂಬಿಕೆ ಬರುವ ಹಾಗೆ. "ಹ್ಞಾಂ ಸಿಸ್ಟರ್, ನೋಡಿದೀನಿ. ಸರಿ ಇದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡೋಣ." ಫೋನ್ ಇಟ್ಟ ಮೇಲೆ ಅವರಿಗೆ ಫೋನ್ ಬಂದದ್ದೇ ನೆನಪಿರುವುದಿಲ್ಲ. ಅದಕ್ಕೇ ನರ್ಸಮ್ಮನ ಕಾನೂನು. ಎದ್ದು ನಿಲ್ಲಬೇಕು, ಯಾವ ಹಾಸಿಗೆಯ ಮಗು ಎಂದು ಹೇಳಬೇಕು, ಆಕೆ ಹೇಳಿದ್ದನ್ನು ತಿರುಗಿ ಒಪ್ಪಿಸಬೇಕು. ನಿಂತವರಿಗೆ ನಿದ್ದೆ ಹತ್ತುವುದಿಲ್ಲ ಎಂಬುದು ಆಕೆ ಮೂವತ್ತು ವರ್ಷ ಡಾಕ್ಟರುಗಳನ್ನು ಎಬ್ಬಿಸಿ ಎಬ್ಬಿಸಿ ಕಂಡುಕೊಂಡ ಸತ್ಯ.

ಈ ಕಾನೂನಿನ ಕೈಗೆ ಅತಿ ಹೆಚ್ಚು ಸಲ ಸಿಕ್ಕಿಬಿದ್ದವಳು ಎರಡನೇ ವರ್ಷದ ಒಬ್ಬ ರೆಸಿಡೆಂಟು. ವಯಸ್ಸು ಇಪ್ಪತ್ತೆಂಟು. ಕೆಲಸದಲ್ಲಿ ಚುರುಕು, ಅಳುವ ಮಗುವನ್ನು ಸುಮ್ಮನಾಗಿಸುವುದರಲ್ಲಿ ಎತ್ತಿದ ಕೈ. ಆದರೆ ತಲೆಗೆ ದಿಂಬೋ ಗೋಡೆಯೋ ಏನಾದರೊಂದು ತಗುಲಿತೆಂದರೆ ಮುಗಿಯಿತು, ಕುಂಭಕರ್ಣನ ತಂಗಿ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಡಾಕ್ಟರೇ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವಳ ಹೆಸರು ಅಸಿಸ್ಟೆಂಟು. ಇಟ್ಟವರು ಅಪ್ಪ.

ಅಪ್ಪ ಮೂವತ್ತೊಂದು ವರ್ಷ ರೈಲು ಓಡಿಸಿದವರು. ಇಂಜಿನ್ನಿನಲ್ಲಿ ಇಬ್ಬರಿರುತ್ತಾರೆ, ಡ್ರೈವರು ಮತ್ತು ಅಸಿಸ್ಟೆಂಟು. ಸಿಗ್ನಲ್ ಕಂಡ ಕೂಡಲೇ ಒಬ್ಬರು ಅದರ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ತಾವೂ ನೋಡಿ ಅದನ್ನೇ ತಿರುಗಿ ಹೇಳಬೇಕು. "ಹಸಿರು." "ಹಸಿರು." ಇಬ್ಬರ ಬಾಯಲ್ಲೂ ಬಂದಮೇಲೇ ಅದು ಹಸಿರು. ಅಪ್ಪನಿಗೆ ಇದು ರಕ್ತಕ್ಕೇ ಇಳಿದುಬಿಟ್ಟಿತ್ತು. ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ರಸ್ತೆ ದಾಟುವ ಜಾಗದಲ್ಲೂ ನಿಂತು "ಹಸಿರು" ಎನ್ನುತ್ತಿದ್ದರು. ಏಳು ವರ್ಷದ ಮಗಳು ಕತ್ತೆತ್ತಿ ನೋಡಿ "ಹಸಿರು" ಎಂದ ಮೇಲಷ್ಟೇ ಹೆಜ್ಜೆ ಮುಂದೆ. ಹಿಂದಿನವರು ಎಷ್ಟು ಗೊಣಗಿದರೂ ಅಪ್ಪ ಮಗಳು ಕೇಳುತ್ತಿರಲಿಲ್ಲ.

ಶಾಲೆಗೆ ಬಿಡಲು ಹೋಗುತ್ತಿದ್ದುದೂ ಅಪರೂಪಕ್ಕೆ, ಅದನ್ನೂ ಹೇಳಿಬಿಡಬೇಕು. ಆ ಮನೆಯಲ್ಲಿ ಅಪ್ಪ ಬಂದರು ಎಂದರೆ ಅಪ್ಪ ಮಲಗಿದರು ಎಂದೇ ಅರ್ಥ. ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಕೈಕಾಲು ತೊಳೆದು, ಒಳಕೋಣೆಯ ಪರದೆ ಎಳೆದುಕೊಂಡರೆ ಬಾಗಿಲ ಹೊರಗೆ ಮಗಳ ಕಾವಲು. ಮಡಿಲಲ್ಲಿ ಸ್ಲೇಟು. ಹಾಲಿನವರು ಬಂದರೆ ಬಾಯಿಗೆ ಬೆರಳು. ಪಕ್ಕದ ಮನೆಯ ಅಜ್ಜಿ ಬಂದರೆ "ಕೆಂಪು ಸಿಗ್ನಲ್ ಅಜ್ಜಿ, ಆಮೇಲೆ ಬನ್ನಿ." ಯಾರು ಬಂದರು, ಏನಂದರು, ಎಲ್ಲವೂ ಸ್ಲೇಟಿನ ಮೇಲೆ. ಅಪ್ಪ ಎದ್ದಮೇಲೆ ವರದಿ. ಬೆಕ್ಕು ಮಹಡಿ ಹತ್ತಿದ್ದರಿಂದ ಹಿಡಿದು ಅಮ್ಮ ಉಪ್ಪಿನ ಡಬ್ಬಿ ಬೀಳಿಸಿದ್ದರವರೆಗೆ ಅಪ್ಪ ಎಲ್ಲವನ್ನೂ ಮುಖ ಬಿಗಿ ಮಾಡಿಕೊಂಡು ಕೇಳಿ, "ಸರಿ ಅಸಿಸ್ಟೆಂಟು. ಈಗ ನಾನು ಎದ್ದಿದೀನಿ, ನೀನು ಆಡ್ಕೋ ಹೋಗು" ಎನ್ನುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಅಪ್ಪ ಸೇತುವೆಯ ಕಥೆ ಹೇಳಿದ್ದು. ಅವರು ಓಡಿಸುತ್ತಿದ್ದ ದಾರಿಯಲ್ಲಿ ಒಂದು ಕಬ್ಬಿಣದ ಸೇತುವೆ. ಅದು ನೇರವಾಗಿಲ್ಲ, ಕುಡುಗೋಲಿನ ಹಾಗೆ ಬಾಗಿದೆ. ಅದರ ಮೇಲೆ ಹೋಗುವಾಗ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದರೆ ಇಡೀ ರೈಲು, ಕೊನೇ ಡಬ್ಬಿಯವರೆಗೂ, ಒಂದೇ ನೋಟಕ್ಕೆ ಕಾಣುತ್ತದೆ. "ಎಲ್ಲಾ ಬಂದವಾ ಅಂತ ಒಂದ್ಸಲ ತಿರುಗಿ ನೋಡ್ಕೋತೀನಿ. ಆಮೇಲೇ ನನಗೆ ಸಮಾಧಾನ" ಎಂದಿದ್ದರು ಅಪ್ಪ. ಕಿಟಕಿ ಪಕ್ಕ ಕೂತ ಪ್ರಯಾಣಿಕರಿಗೆ ಇದೇ ನೋಟ ತಿರುಗಾಮುರುಗಾ, ಮುಂದೆ ಬಾಗಿ ಹೋಗುವ ಇಂಜಿನ್ನು ಕಾಣುತ್ತದಂತೆ. ಅದನ್ನು ಅಪ್ಪ ಕೇಳಿ ಬಲ್ಲರೇ ಹೊರತು ಕಂಡವರಲ್ಲ. ಆ ದಾರಿಯಲ್ಲಿ ಅವರು ಒಂದು ಸಲವೂ ಪ್ರಯಾಣಿಕರಾಗಿ ಹೋಗಿರಲಿಲ್ಲ. "ದೊಡ್ಡ ರಜೆಗೆ ನಿನ್ನ ಕರ್ಕೊಂಡು ಹೋಗ್ತೀನಿ. ಇಬ್ಬರೂ ಕಿಟಕೀಲಿ ಕೂತು ನೋಡೋಣ."

ದೊಡ್ಡ ರಜೆಗಳು ಬಂದವು, ಹೋದವು. ಮೊದಲ ಹನ್ನೊಂದು ವರ್ಷ ಮುಂದೂಡಿದವರು ಅಪ್ಪ. ಆಮೇಲಿನ ಹತ್ತು ವರ್ಷ ಮುಂದೂಡಿದವಳು ಮಗಳು. ಅಪ್ಪ ನಿವೃತ್ತರಾಗುವ ಹೊತ್ತಿಗೆ ಮಗಳಿಗೆ ಉಸಿರು ಬಿಡಲೂ ಪುರಸೊತ್ತಿಲ್ಲದಾಗಿತ್ತು. ಎರಡು ವರ್ಷದಲ್ಲಿ ಮೂರು ಸಲ ಟಿಕೆಟ್ ಮಾಡಿಸಿದರು, ಮೂರು ಸಲವೂ ರದ್ದು. ಒಮ್ಮೆ ವಾರ್ಡಿನ ತುಂಬ ಜ್ವರದ ಮಕ್ಕಳು, ಒಮ್ಮೆ ಪರೀಕ್ಷೆ, ಒಮ್ಮೆ ಅವಳಿಗೇ ಜ್ವರ. ಅಪ್ಪ ಒಂದು ಸಲವೂ ಗೊಣಗಲಿಲ್ಲ. ಗೊಣಗಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಹೀಗಿರುವಾಗ ಒಂದು ದಿನ ಅಪ್ಪ ಫೋನಿನಲ್ಲಿ ಊಟ ಆಯ್ತಾ, ನಿದ್ದೆ ಆಯ್ತಾ ಎಲ್ಲ ಕೇಳಿ, ಇಡುವ ಮುಂಚೆ ಹೇಳಿದರು: "ಈ ತಿಂಗಳ ಕೊನೆಗೆ ಆ ದಾರಿ ಮುಚ್ತಾರಂತೆ. ಹೊಸ ಸುರಂಗ ರೆಡಿ ಆಗಿದೆ. ಸೇತುವೆ ಕಳಚ್ತಾರೆ. ಸುಮ್ನೆ ಹೇಳ್ದೆ ಅಷ್ಟೇ."

ಸುಮ್ಮನೆ ಹೇಳಿದ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು. ಈ ತಿಂಗಳು ಹೋದರೆ ಇನ್ನು ಇಲ್ಲ. ಇಪ್ಪತ್ತೊಂದು ವರ್ಷದ ಮಾತು ಅಲ್ಲಿಗೆ ಮುಗಿದಂತೆ. ಆದರೆ ರಜೆ ಎಲ್ಲಿದೆ? ಅವಳ ವಿಭಾಗದಲ್ಲಿ ನಾಲ್ವರು ರೆಸಿಡೆಂಟುಗಳು, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ರಜೆ. ತಿಂಗಳ ಕೊನೇ ವಾರ ಬರೆದಿದ್ದುದು ಲಂಬುವಿನ ಹೆಸರು.

ಲಂಬು ಎಂದರೆ ಅವಳ ಜೊತೆಯ ರೆಸಿಡೆಂಟು, ಮಕ್ಕಳ ಮಂಚದ ಮೇಲೆ ಬಾಗಿ ಬಾಗಿ ಬೆನ್ನುನೋವು ತಂದುಕೊಂಡ ಆರಡಿ ಮೂರಂಗುಲದ ಆಸಾಮಿ. ಶಾಲೆಯ ಕಾಲದ ಐವರು ಗೆಳೆಯರೊಂದಿಗೆ ಸಮುದ್ರ ನೋಡಲು ಹೋಗಬೇಕೆಂದು ನಾಲ್ಕು ವರ್ಷದಿಂದ ಹೊಂಚು ಹಾಕಿ, ಐದು ಜನರ ಐದು ಥರದ ಕೆಲಸವನ್ನೂ ಹೊಂದಿಸಿ, ಅಂತೂ ಇಂತೂ ಆ ಮೂರು ದಿನ ಗಿಟ್ಟಿಸಿದ್ದ. ಅವಳು ಅವನನ್ನು ಏನೂ ಕೇಳಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಡ್ಯೂಟಿ ರೂಮಿನಲ್ಲಿ ಬ್ರೆಡ್ಡು ತಿನ್ನುತ್ತ, ಯಾಕೆ ಸಪ್ಪಗಿದೀಯ ಎಂದು ಅವನು ಕೇಳಿದ್ದಕ್ಕೆ ಸೇತುವೆಯ ವಿಷಯ ಹೇಳಿದಳು ಅಷ್ಟೇ. ಲಂಬು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ.

"ಸಮುದ್ರ ಎಲ್ಲೂ ಹೋಗಲ್ಲ ಕಣೇ," ಎಂದ. "ಅದನ್ನ ಯಾರೂ ಕಳಚಲ್ಲ. ಈ ವಾರ ನೀನು ಹೋಗು."

"ನಿನ್ನ ಫ್ರೆಂಡ್ಸು?"

"ಬೈತಾರೆ. ಬೈಸಿಕೊಳ್ಳೋಕೆ ನನಗೆ ಅಭ್ಯಾಸ ಇದೆ. ಮುಂದಿನ ತಿಂಗಳು ನನ್ನ ಮೂರು ದಿನ ನೀನು ನೋಡ್ಕೋ, ಮುಗೀತು."

ಬೈದರು ಎಂದು ಆಮೇಲೆ ಗೊತ್ತಾಯಿತು, ಚೆನ್ನಾಗಿಯೇ ಬೈದರು. ಒಬ್ಬ ಎರಡು ದಿನ ಮಾತೇ ಬಿಟ್ಟನಂತೆ. ಲಂಬು ಅದನ್ನೂ ಜೋಕು ಮಾಡಿ ಹೇಳಿದ. ಅಂದು ಅವಳು ತನ್ನ ಪಾಲಿನ ಬೇಯಿಸಿದ ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಿದಳು.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಅವಳು ನೇರವಾಗಿ ಆಸ್ಪತ್ರೆಯಿಂದಲೇ ಸ್ಟೇಷನ್ನಿಗೆ ಬಂದಳು. ಹಿಂದಿನ ಮುಂಜಾನೆ ನಾಲ್ಕಕ್ಕೆ ಹತ್ತಿದ ಡ್ಯೂಟಿ. ಕೂದಲು ಕೆದರಿದೆ, ಕೊರಳಲ್ಲಿ ಸ್ಟೆತಸ್ಕೋಪು ಹಾಗೇ ಇದೆ. ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಒಂದು ಗಂಟೆ ಮುಂಚೆಯೇ ಬಂದು ಕೂತಿದ್ದರು. ಅಮ್ಮನ ಕೈಯಲ್ಲಿ ತಿಂಡಿಯ ಚೀಲ.

"ಎಡಗಡೆ ಕಿಟಕಿ," ಎಂದರು ಅಪ್ಪ, ಸೀಟು ತೋರಿಸುತ್ತ. "ಹೋಗುವಾಗ ಎಡಗಡೆ, ಬರುವಾಗ ಬಲಗಡೆ. ಸೇತುವೆ ಸರಿಯಾಗಿ ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ."

"ಎಂಟು ಗಂಟೆ ಟೈಮಿದೆಯಲ್ಲಪ್ಪ. ಒಂದು ಗಂಟೆ ಕಣ್ಣು ಮುಚ್ಚಿ ಎದ್ದುಬಿಡ್ತೀನಿ. ಆಮೇಲೆ ಕೂತು ಮಾತಾಡೋಣ. ತುಂಬಾ ಮಾತಿದೆ."

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ. ರೈಲು ಪ್ಲಾಟ್‌ಫಾರ್ಮಿನ ತುದಿ ದಾಟುವ ಮುಂಚೆಯೇ ಅವಳ ತಲೆ ಕಿಟಕಿಯ ಕಂಬಿಗೆ ಒರಗಿತ್ತು.

ಎಚ್ಚರವಾದಾಗ ಬಿಸಿಲು ಬೇರೆ ಕಡೆಯಿಂದ ಬೀಳುತ್ತಿತ್ತು. ತಲೆಯ ಕೆಳಗೆ ಅಪ್ಪನ ಮಡಿಸಿದ ಸ್ವೆಟರು. ಎದುರು ಸೀಟಿನಲ್ಲಿ ಬೆಳಿಗ್ಗೆ ಇದ್ದವರು ಇರಲಿಲ್ಲ. ಅಮ್ಮ ಕಿತ್ತಳೆ ಸುಲಿಯುತ್ತಿದ್ದರು. ಅವಳು ಬಾಯಿ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು ಹುರುಪಿನಿಂದ ಕೇಳಿದಳು: "ಸೇತುವೆಗೆ ಇನ್ನೆಷ್ಟು ಹೊತ್ತು?"

ಅಮ್ಮ ಕಿಟಕಿಯ ಕಡೆ ನೋಡಿದರು. ಅಪ್ಪ ತಮ್ಮ ಶೂ ನೋಡಿಕೊಂಡರು.

"ದಾಟಿ ಎರಡು ಗಂಟೆ ಆಯ್ತು ಕಣಮ್ಮ," ಎಂದರು ಅಪ್ಪ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ, ಆಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. "ಯಾಕಪ್ಪ ಎಬ್ಬಿಸಲಿಲ್ಲ? ಇದೊಂದಕ್ಕೇ ಅಲ್ವಾ ಬಂದಿದ್ದು? ಲಂಬು ಅವನ ಟ್ರಿಪ್ಪು ಬಿಟ್ಟಿದಾನೆ ಇದಕ್ಕೋಸ್ಕರ. ಇಪ್ಪತ್ತೊಂದು ವರ್ಷ ಕಾದು, ಒಂದು ಕೈ ಹಾಕಿ ಅಲ್ಲಾಡಿಸೋಕೆ ಆಗಲಿಲ್ವಾ?"

ಅಪ್ಪ ಶರ್ಟಿನ ಜೇಬಿನಿಂದ ಸಣ್ಣ ನೋಟುಬುಕ್ಕು ತೆಗೆದು ಕೊಟ್ಟರು. ಕೆಲಸದಲ್ಲಿದ್ದಾಗಿನ ಅಭ್ಯಾಸ, ದಾರಿಯುದ್ದಕ್ಕೂ ಸಮಯ ಬರೆಯುವುದು. ಅದೇ ದುಂಡು ಅಕ್ಷರ.

"6:34. ಅಸಿಸ್ಟೆಂಟು ಮಲಗಿದಳು.

7:50. ಕೆರೆ. ಬಾತುಕೋಳಿ ಸುಮಾರು ಇವೆ. ಅವಳಿಗೆ ಚಿಕ್ಕಂದಿನಲ್ಲಿ ಇಷ್ಟ.

9:15. ಟೀ ಮಾರುವವರು ಕೂಗುತ್ತ ಬಂದರು. ಕೆಂಪು ಸಿಗ್ನಲ್ ತೋರಿಸಿದೆ. ಪಾಪ, ಮೆತ್ತಗೆ ಹೋದರು.

11:20. ಅವಳು ನಿದ್ದೆಯಲ್ಲಿ 'ಡ್ರಿಪ್ ನಿಧಾನ ಮಾಡಿ' ಎಂದಳು. ಎದುರಿನ ಯಜಮಾನರು ಹೆದರಿ ನೀರು ಕುಡಿಯುವುದನ್ನು ನಿಧಾನ ಮಾಡಿದರು.

12:40. ಬೆಟ್ಟ ಶುರು. ಚಳಿ. ಸ್ವೆಟರು ಇಟ್ಟೆ.

2:05. ಎಬ್ಬಿಸಿದೆ. ಏಳಲಿಲ್ಲ.

2:11. ಮತ್ತೆ ಎಬ್ಬಿಸಿದೆ. ಕಣ್ಣು ಬಿಟ್ಟಳು. ಸೇತುವೆ ಬಂತು ಎಂದೆ. 'ನೋಡಿದೀನಿ. ಸರಿ ಇದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡೋಣ' ಎಂದಳು. ನಿಜವಾಗಿಯೂ ಎದ್ದಿದಾಳೆ ಅಂದುಕೊಂಡೆ, ಮತ್ತೆ ಕಣ್ಣು ಮುಚ್ಚಿದಳು.

2:14. ಸೇತುವೆ ಮುಗಿಯಿತು."

ಅವಳು ಓದಿ ಮುಗಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಮ್ಮನಿಗೂ ತಿಳಿಯಲಿಲ್ಲ. ಎರಡೂ ಇತ್ತು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ," ಎಂದರು ಅಮ್ಮ, ಕಿತ್ತಳೆಯ ತೊಳೆ ಅವಳ ಕೈಗಿಡುತ್ತ. "ಈ ಸೀರೆ ಯಾವ ನೂಲಿಂದು ಅಂತ ಎಲ್ಲರಿಗೂ ಗೊತ್ತು ಬಿಡು. ಇವರೂ ಹಂಗೇ, ನಿದ್ದೇಲಿ ನನಗೆ 'ಹಸಿರು' ಅಂದು ಮಗ್ಗುಲು ಬದಲಾಯಿಸ್ತಿದ್ರು. ಇನ್ನೊಂದು ಕೇಳು. ಇವರಾದ್ರೂ ನೋಡಿದ್ರಾ ಅಂದ್ಕೊಂಡಿದೀಯಾ? ಇಲ್ಲ. ಈಗ ಏಳ್ತಾಳೆ, ಈಗ ಏಳ್ತಾಳೆ ಅಂತ ನಿನ್ನ ಮುಖಾನೇ ನೋಡ್ತಾ ಕೂತಿದ್ರು. ಸೇತುವೆ ನೋಡಿದ್ದು ನಾನೊಬ್ಬಳೇ. ಚೆನ್ನಾಗಿತ್ತು."

"ಅಪ್ಪಾ," ಎಂದಳು ಅವಳು.

"ನನಗೇನೂ ಬೇಜಾರಿಲ್ಲ," ಎಂದರು ಅಪ್ಪ. "ನೀನು ಚಿಕ್ಕವಳಿದ್ದಾಗ ಬಾಗಿಲಲ್ಲಿ ಸ್ಲೇಟು ಹಿಡ್ಕೊಂಡು ಕೂರ್ತಿದ್ದೆ. ಪಾಪ, ಮಗೂಗೆ ಎಷ್ಟು ಬೇಜಾರಾಗುತ್ತೋ ಅಂದ್ಕೊಳ್ತಿದ್ದೆ ನಾನು. ಇವತ್ತು ಗೊತ್ತಾಯ್ತು. ನಮ್ಮವರು ಮಲಗಿರೋವಾಗ ಪಕ್ಕದಲ್ಲಿ ಕೂತಿರೋದಿದೆಯಲ್ಲ, ಅದರಲ್ಲಿ ಬೇಜಾರೇ ಇಲ್ಲ. ಹತ್ತು ಗಂಟೆ ಹೋಗಿದ್ದೇ ತಿಳೀಲಿಲ್ಲ."

ಅವಳಿಗೆ ಆ ಮಾತಿನಿಂದ ಹಾಯೆನಿಸಿತು, ಆದರೆ ಮುಳ್ಳು ಹೋಗಲಿಲ್ಲ. ಯಾಕೆಂದರೆ ವಾಪಸು ಹೋಗುವಾಗ ಆ ಸೇತುವೆ ಅವಳಿಗಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ. ಅಪ್ಪ ಅಮ್ಮ ಬೆಳಿಗ್ಗೆ ಆರರ ರೈಲಿಗೆ ಹೊರಡುವವರು. ಅದು ಊರು ಸೇರುವುದು ಸಂಜೆ ಐದಕ್ಕೆ. ಅವಳು ಮಾತ್ರ ಇವತ್ತೇ ರಾತ್ರಿ ಎಂಟರ ಬಸ್ಸು ಹಿಡಿಯಬೇಕು, ಆ ಬಸ್ಸು ಬರುವುದು ಬೇರೆ ದಾರಿಯಲ್ಲಿ. ಮೂರು ದಿನದ ರಜೆಯಲ್ಲಿ ಕೊನೆಯ ಎರಡು ದಿನವನ್ನು ಅವಳೇ ಬೇಡವೆಂದಿದ್ದಳು, ಲಂಬುವಿಗೆ ಹೊರೆಯಾಗಬಾರದೆಂದು.

ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಒಂದು ರೂಮು ಹಿಡಿದರು. ಎರಡು ಮಂಚ, ಒಂದು ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಬೀರು. ಅವಳು ಚೀಲ ಬಿಚ್ಚಲೂ ಇಲ್ಲ. ಸಂಜೆ ಆರೂವರೆಗೆ ಲಂಬು ಫೋನ್ ಮಾಡಿದ.

"ಹೇಗಿತ್ತೇ ಸೇತುವೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ನೋಟುಬುಕ್ಕಿನ ಎರಡು ಹನ್ನೊಂದರ ಸಾಲನ್ನೂ ಓದಿದಳು. ಆಮೇಲೆ ಲಂಬು ನಕ್ಕ ನಗು ಎಂಥದ್ದೆಂದರೆ ಲಾಡ್ಜಿನ ರೂಮಿನಲ್ಲಿದ್ದ ಅಮ್ಮನಿಗೂ ಕೇಳಿಸಿತು. ಅವನು ನಗುತ್ತಲೇ ಅದನ್ನು ಅಲ್ಲಿದ್ದವರಿಗೆಲ್ಲ ಹೇಳಿದ್ದೂ, ಅವರೂ ನಕ್ಕಿದ್ದೂ ಕೇಳಿಸಿತು. ನಂತರ ಯಾರೋ ಫೋನ್ ಕಿತ್ತುಕೊಂಡರು.

"ಡಾಕ್ಟ್ರೇ." ನರ್ಸಮ್ಮನ ದನಿ. "ಬಸ್ ಹತ್ತಬೇಡಿ."

"ಸಿಸ್ಟರ್, ನಾಳೆ ಎಂಟಕ್ಕೆ ನನ್ನದು..."

"ನಾಳೆ ಹಗಲು ಈ ಉದ್ದದ ಡಾಕ್ಟ್ರು ಇರ್ತಾರೆ. ನೀವು ಸಂಜೆ ಆರಕ್ಕೆ ಬಂದರೆ ಸಾಕು. ಮೊದಲೇ ನಿಮಗೆ ಮೂರು ದಿನ ಬರೆದಿತ್ತು, ನೀವೇ ದೊಡ್ಡಸ್ತಿಕೆ ಮಾಡಿ ಬಿಟ್ಟುಕೊಟ್ಟಿದ್ದು. ದೊಡ್ಡ ಡಾಕ್ಟ್ರು ಇಲ್ಲೇ ನಿಂತಿದಾರೆ, ಹ್ಞೂಂ ಅಂದ್ರು. ನನ್ನ ವಾರ್ಡಿನವರು ನಿದ್ದೇಲಿ ಉತ್ತರ ಕೊಟ್ಟು ಅಪ್ಪನ ಸೇತುವೆ ಕಳ್ಕೊಂಡ್ರು ಅಂದ್ರೆ ಅವಮಾನ ನನಗೆ. ಈಗ ನಾನು ಹೇಳಿದ್ದನ್ನ ತಿರುಗಿ ಹೇಳಿ."

"ಬಸ್ ಹತ್ತಲ್ಲ. ರೈಲಲ್ಲಿ ಬರ್ತೀನಿ. ಸಂಜೆ ಆರಕ್ಕೆ ಡ್ಯೂಟಿ."

"ನಿಂತಿದೀರಾ?"

"ನಿಂತಿದೀನಿ ಸಿಸ್ಟರ್."

ಫೋನ್ ಕಟ್ಟಾಯಿತು. ಥ್ಯಾಂಕ್ಸ್ ಹೇಳಲು ಅವಕಾಶವನ್ನೇ ಕೊಡಲಿಲ್ಲ ಆಕೆ. ಇವಳು ಫೋನು ಹಿಡಿದು ಇನ್ನೂ ನಿಂತೇ ಇದ್ದಳು. ಮನೆಗೆ ಹೋಗಲಾರದೆ, ಗೆಳತಿಯರ ಮದುವೆಗೂ ಹೋಗಲಾರದೆ ಆ ವಾರ್ಡಿಗೆ ಅವಳು ಎಷ್ಟು ಸಲ ಶಾಪ ಹಾಕಿದ್ದಳೋ ಲೆಕ್ಕವಿಲ್ಲ. ಆ ವಾರ್ಡೇ ಈಗ ಅವಳನ್ನು ಅಪ್ಪನ ಪಕ್ಕ ಕೂರಿಸಿ ಕಳಿಸುತ್ತಿತ್ತು. ಇಂಥ ಜನ ನನಗೆ ಸಿಕ್ಕಿದರಲ್ಲ ಎಂದುಕೊಂಡಳು. ಅಪ್ಪನಿಗೆ ವಿಷಯ ಹೇಳಿದಾಗ ಅವರು "ಬಲಗಡೆ ಕಿಟಕಿ" ಎಂದರು, ಅಷ್ಟೇ. ಆದರೆ ಊಟಕ್ಕೆ ಕೂತಾಗ ಅದನ್ನೇ ಇನ್ನೂ ಎರಡು ಸಲ ಹೇಳಿದರು.

ಅವಳು ಅಂದು ಹೊಟ್ಟೆತುಂಬ ಉಂಡು, ಕಣ್ಣುತುಂಬ ನಿದ್ದೆ ಮಾಡಿದಳು. ಬೆಳಗಿನ ರೈಲು ಹತ್ತಿದಾಗ ಅವಳಷ್ಟು ಎಚ್ಚರವಾಗಿದ್ದವರು ಆ ಡಬ್ಬಿಯಲ್ಲಿ ಇನ್ನೊಬ್ಬರಿರಲಿಲ್ಲ. ಸೇತುವೆ ಒಂಬತ್ತಕ್ಕೆ ಎರಡು ನಿಮಿಷ ಇರುವಾಗ. ಅಪ್ಪ ಎದುರಿನ ಕಿಟಕಿ ಸೀಟಿನಲ್ಲಿ, ಅವಳು ಈ ಕಡೆ, ನಡುವೆ ಬ್ರೆಡ್ಡು ಜಾಮಿನ ಪೊಟ್ಟಣ. ಆಡಬೇಕೆಂದಿದ್ದ ಮಾತೆಲ್ಲ ಆಡಿದಳು. ವಾರ್ಡಿನಲ್ಲಿ ಗುಣವಾಗಿ ಹೋದ ಮಕ್ಕಳ ಕಥೆ, ಗುಣವಾಗದೆ ಹೋದ ಒಂದು ಮಗುವಿನ ಕಥೆ. ಅದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ನಡುವೆ ಬಾಯಿ ಹಾಕದೆ ಕೇಳಿದರು.

"ನಮಗೆ ಇಂಜಿನ್ನಲ್ಲಿ ಒಂದು ಗುಂಡಿ ಇತ್ತು," ಎಂದರು ಆಮೇಲೆ. "ಒಂದು ನಿಮಿಷ ಏನೂ ಮುಟ್ಟದೆ ಕೂತರೆ ಗಂಟೆ ಹೊಡೆಯೋದು. ಗುಂಡಿ ಒತ್ತಲಿಲ್ಲ ಅಂದ್ರೆ ರೈಲೇ ನಿಂತುಬಿಡ್ತಿತ್ತು. ನಿಮಗೆ ಅದೂ ಇಲ್ಲ."

"ನಮಗೆ ನರ್ಸಮ್ಮ ಇದಾರಲ್ಲ," ಎಂದಳು ಅವಳು.

ಅಪ್ಪ ನಕ್ಕರು. ನಕ್ಕು ಕಣ್ಣು ಒರೆಸಿಕೊಂಡರು, ಆಮೇಲೆ ಒಂದು ಆಕಳಿಕೆ ಬಂತು. ಬರದೇ ಇರುತ್ತದೆಯೇ? ಹಿಂದಿನ ದಿನ ಹತ್ತು ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರು, ಆಮೇಲೆ ಸೇತುವೆಯ ಸಂಭ್ರಮದಲ್ಲಿ ಮೂರಕ್ಕೇ ಎದ್ದು, ಗಡ್ಡ ಹೆರೆದು, ಶೂ ಹಾಕಿಕೊಂಡು ಲಾಡ್ಜಿನ ಕುರ್ಚಿಯಲ್ಲಿ ಕೂತಿದ್ದವರು. ಎಂಟೂ ಕಾಲಿಗೆ ಅವರ ತಲೆ ವಾಲಿತು. ಎಂಟೂವರೆಗೆ ಸಣ್ಣ ಗೊರಕೆ.

"ಮಲಗಲಿ ಬಿಡು," ಎಂದರು ಅಮ್ಮ ಮೆಲ್ಲಗೆ. "ಅವರು ನೋಡಿ ನೋಡಿ ಸಾಕಾಗಿರೋ ಸೇತುವೆ. ನೀನು ನೋಡು."

ಅವಳು ನಿದ್ದೆಯ ಬೆಲೆ ಬಲ್ಲವಳು. ಮಲಗಿದ ಮನುಷ್ಯರನ್ನು ಎಬ್ಬಿಸುವುದೆಂದರೆ ಅವಳಿಗೆ ಪಾಪ ಮಾಡಿದಷ್ಟು ಕಷ್ಟ. ಪಕ್ಕದಲ್ಲಿ ಕೂತು ಕಾಯುವುದರಲ್ಲಿ ಎಂಥ ಸುಖವಿದೆ ಎಂದು ಅಪ್ಪನೇ ನಿನ್ನೆ ಹೇಳಿದ್ದರು. ಮೊಣಕಾಲ ಮೇಲಿದ್ದ ಅವರ ಕೈ ರೈಲಿನ ಜೊತೆ ಮೆಲ್ಲಗೆ ಅಲುಗುತ್ತಿತ್ತು. ಹಾಗೇ ಬಿಟ್ಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನೋಡಿ ಸಾಕಾಗಿದೆ ಎಂದು ಅಮ್ಮ ಹೇಳಿದ್ದು ಸರಿಯಲ್ಲ. ಅಪ್ಪ ಅದನ್ನು ಇಂಜಿನ್ನಿನಿಂದ ನೋಡಿದ್ದರು. ಈ ಕಿಟಕಿಯಿಂದ, ಮಗಳ ಪಕ್ಕದಿಂದ, ಒಂದು ಸಲವೂ ನೋಡಿರಲಿಲ್ಲ. ಇನ್ನೊಂದು ವಾರ ಕಳೆದರೆ ನೋಡಲು ಸೇತುವೆಯೇ ಇರುವುದಿಲ್ಲ.

ರೈಲು ಬೆಟ್ಟದ ಸೆರಗು ಬಳಸಿ ಬಲಕ್ಕೆ ವಾಲಿತು. ದೂರದಲ್ಲಿ ಸಿಗ್ನಲ್ ಕಂಬ. ಅವಳು ಅಪ್ಪನ ಕೈ ಮುಟ್ಟಿದಳು.

"ಅಪ್ಪಾ. ಹಸಿರು."

"ಹಸಿರು," ಎಂದರು ಅಪ್ಪ. ಗಟ್ಟಿಯಾಗಿ, ಸ್ಪಷ್ಟವಾಗಿ. ಅವಳು ನೆಮ್ಮದಿಯಿಂದ ಕಿಟಕಿಯ ಕಡೆ ತಿರುಗಿದಳು. ತಿರುಗಿದ ಮೇಲೆ ಎದುರು ಸೀಟಿನಿಂದ ಗೊರಕೆ ಕೇಳಿಸಿತು.

ಈ ವಿದ್ಯೆ ಅವಳಿಗೆ ಹೊಸತಲ್ಲ. ಅವಳು ಎದ್ದು ನಿಂತಳು. ಸೊಂಟದ ಮೇಲೆ ಕೈ ಇಟ್ಟು, ಅವಳಿಗೇ ಗೊತ್ತಿಲ್ಲದೆ ಬಂದ ನರ್ಸಮ್ಮನ ದನಿಯಲ್ಲಿ ಹೇಳಿದಳು: "ಡ್ರೈವರ್ರೇ. ಎದ್ದು ನಿಂತು ಹೇಳಿ."

ಅಪ್ಪ ಎದ್ದು ನಿಂತೇಬಿಟ್ಟರು. ಮೊದಲು ಕಾಲು ನಿಂತಿತು, ಆಮೇಲೆ ಕಣ್ಣು ತೆರೆಯಿತು. ಒಂದು ಕೈ ಮೇಲಿನ ಸಾಮಾನಿನ ಕಂಬಿ ಹಿಡಿದುಕೊಂಡಿತು. "ಎಲ್ಲಿ?" ಎಂದರು.

"ಅಲ್ಲಿ ನೋಡಿ."

ಗಾಲಿಯ ಸದ್ದು ಬದಲಾಯಿತು. ಕೆಳಗಿನ ನೆಲ ಹೋಗಿ ನೀರು ಬಂತು, ತೆಳ್ಳಗೆ, ಬಂಡೆಗಳ ನಡುವೆ. ತುಕ್ಕು ಹಿಡಿದ ಕಂಬಿಗಳು ಒಂದೊಂದಾಗಿ ಹಿಂದೆ ಸರಿದವು. ಮುಂದೆ, ಅಷ್ಟು ದೂರದಲ್ಲಿ, ರೈಲಿನ ಮೈ ಬಾಗುತ್ತ ಬಾಗುತ್ತ ಹೋಗಿ ಅದರ ತುದಿಯಲ್ಲಿ ಇಂಜಿನ್ನು ಪೂರ್ತಿಯಾಗಿ ಕಾಣಿಸಿತು. ಅದರ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಯಾವನೋ ಡ್ರೈವರು, ಯಾರೆಂದು ಗೊತ್ತಿಲ್ಲ. ಅವನು ಹಿಂದೆ ತಿರುಗಿ ಇಡೀ ರೈಲನ್ನು ಒಂದು ಸಲ ನೋಡಿದ.

"ನಾನೂ ಹಿಂಗೇ ನೋಡ್ತಿದ್ದೆ," ಎಂದರು ಅಪ್ಪ. "ಮೂವತ್ತೊಂದು ವರ್ಷ. ಈ ಕಡೆಯಿಂದ ಯಾರಾದ್ರೂ ನನ್ನ ನೋಡ್ತಿರ್ತಾರೆ ಅಂತ ಒಂದು ದಿನಾನೂ ಹೊಳೀಲಿಲ್ಲ ನೋಡು."

ಅವರು ಕೈ ಎತ್ತಿದರು. ಇಂಜಿನ್ನಿನವನಿಗೆ ಕಂಡಿತೋ ಇಲ್ಲವೋ, ಹಾರ್ನು ಮಾತ್ರ ಹೊಡೆಯಿತು. ಸೇತುವೆಯ ಮೇಲೆ ಅದು ಎಲ್ಲ ರೈಲಿಗೂ ಹೊಡೆಯುವ ಹಾರ್ನೇ. ಅಮ್ಮನೂ ಯಾವಾಗಲೋ ಎದ್ದು ಅವಳ ಭುಜ ಹಿಡಿದು ನಿಂತಿದ್ದರು.

"ಎಲ್ಲಾ ಬಂದವಾ?" ಎಂದು ಅವಳು ಅಪ್ಪನನ್ನು ಕೇಳಿದಳು.

ಅಪ್ಪ ಇನ್ನೂ ಕೈ ಬೀಸುತ್ತಲೇ ಇದ್ದರು. ಅಮ್ಮ ಹೇಳಿದರು: "ಬಂದಿದ್ದೀವಿ, ಮೂರೂ ಜನ. ಬಿದ್ದುಗಿದ್ದೀರಿ, ಇನ್ನು ಕೂತ್ಕೊಳ್ಳಿ."

ಎರಡು ನಿಮಿಷದ ಸೇತುವೆ ಅಷ್ಟರಲ್ಲಿ ಮುಗಿದಿತ್ತು. ಅಪ್ಪ ಕೂತು ಮೂಗು ಒರೆಸಿಕೊಂಡರು, ನೀರು ಕುಡಿದರು, ಮಗಳ ಕೈ ಹಿಡಿದುಕೊಂಡರು. ಹತ್ತು ನಿಮಿಷಕ್ಕೆ ಮತ್ತೆ ಗೊರಕೆ. ಈ ಸಲ ಅವಳು ಎಬ್ಬಿಸಲಿಲ್ಲ. ಟೀ ಮಾರುವವರು ಕೂಗುತ್ತ ಬಂದಾಗ ಬಾಯಿಗೆ ಬೆರಳಿಟ್ಟು ತೋರಿಸಿದಳು. ಲಂಬುವಿಗೂ ನರ್ಸಮ್ಮನಿಗೂ ಸಂಜೆ ಏನು ಹೇಳಬೇಕೆಂದು ಯೋಚಿಸಿದಳು. ಎಷ್ಟು ಹೇಳಿದರೂ ಸಾಲದು ಅನ್ನಿಸಿತು, ಆದರೂ ಹೇಳಬೇಕು, ಮೊದಲು ಹೇಳಬೇಕಾದದ್ದು ಅದೇ ಎಂದುಕೊಂಡಳು. ಆಮೇಲೆ ಅಪ್ಪನ ಜೇಬಿನಿಂದ ನೋಟುಬುಕ್ಕನ್ನು ಮೆಲ್ಲಗೆ ಎಳೆದು, ಅವರ ದುಂಡು ಅಕ್ಷರದ ಕೆಳಗೆ ತನ್ನ ಡಾಕ್ಟರ ಅಕ್ಷರದಲ್ಲಿ, ಓದಲು ಬರಲೆಂದು ಆದಷ್ಟು ಬಿಡಿಸಿ ಬರೆದಳು:

"8:58. ಸೇತುವೆ. ಮೂವರೂ ಎದ್ದು ನಿಂತಿದ್ದೆವು."